ಗ್ರ್ಯಾನ್ ಟುರಿಸ್ಮೊ 4ರಲ್ಲಿ ಚಾಲಕನ ವೃತ್ತಿಜೀವನ: ಹಳೆಯ ಪ್ಲೇಸ್ಟೇಷನ್ 2 ಇರುವ ಕರಾವಳಿ ಮತ್ತು ಘಟ್ಟದ ಮನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಕಝುನೊರಿ ಯಮಾಉಚಿ ಅವರ ನೇತೃತ್ವದಲ್ಲಿ ಪಾಲಿಫೋನಿ ಡಿಜಿಟಲ್ ರೂಪಿಸಿದ ಗ್ರ್ಯಾನ್ ಟುರಿಸ್ಮೊ 4 ಜಪಾನಿನಲ್ಲಿ 2004ರ ಡಿಸೆಂಬರ್ 28ರಂದು, ಯುರೋಪಿನಲ್ಲಿ 2005ರ ಮಾರ್ಚ್ ತಿಂಗಳಲ್ಲಿ ಬಿಡುಗಡೆಯಾಯಿತು. 80 ತಯಾರಕರ 700ಕ್ಕೂ ಹೆಚ್ಚು ಕಾರುಗಳನ್ನೂ 51 ಟ್ರ್ಯಾಕ್‌ಗಳನ್ನೂ ಒಂದೇ ಡಿವಿಡಿಯಲ್ಲಿ ತುಂಬಿದ ಈ ಆಟದ ಹೃದಯ ಇರುವುದು ಅದರ ವೃತ್ತಿಜೀವನದ ವಿಭಾಗದಲ್ಲಿ, ಅಂದರೆ ಗ್ರ್ಯಾನ್ ಟುರಿಸ್ಮೊ ಮೋಡ್‌ನಲ್ಲಿ. ಕೈಯಲ್ಲಿ 10,000 ಕ್ರೆಡಿಟ್ (ಆಟದೊಳಗಿನ ಹಣ), ಲೈಸೆನ್ಸ್ ಇಲ್ಲ, ಕಾರೂ ಇಲ್ಲ ಎನ್ನುವ ಸ್ಥಿತಿಯಿಂದ ಹೊರಟು 24 ಗಂಟೆಗಳ ಲೆ ಮಾನ್ಸ್ ಓಟದವರೆಗೆ ಹೋಗುವ ದಾರಿ ಅದು. ಕಾರವಾರ, ಅಂಕೋಲಾ, ಕುಮಟಾ, ಶಿರಸಿಯ ಅನೇಕ ಮನೆಗಳಲ್ಲಿ ಪ್ಲೇಸ್ಟೇಷನ್ 2 ಈಗ ಕಪಾಟಿನ ಮೇಲೋ ಅಟ್ಟದಲ್ಲೋ ಕುಳಿತಿದೆ. ಅದನ್ನು ಮತ್ತೆ ಕೆಳಗಿಳಿಸಿ ಈ ವೃತ್ತಿಜೀವನವನ್ನು ಮೊದಲಿನಿಂದ, ಸರಿಯಾದ ಕ್ರಮದಲ್ಲಿ ಆಡಲು ಬಯಸುವವರಿಗಾಗಿ ಈ ಬರಹ.

ಕ್ರಮ ಎಂಬ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈ ಆಟವನ್ನು ಅರ್ಧಕ್ಕೆ ಬಿಟ್ಟವರಲ್ಲಿ ಹೆಚ್ಚಿನವರು ಮೊದಲು ಹಣ, ಆ ಹಣದಿಂದ ಎಂಜಿನ್ ಶಕ್ತಿ, ಕೊನೆಗೆ ಬೇಕಾದರೆ ಚಾಲನೆಯ ಕಲಿಕೆ ಎಂದು ಹೊರಟವರು. ಶಕ್ತಿಯಿಂದ ಗೆದ್ದ ಓಟಗಳು ಕೈಗೆ ಏನನ್ನೂ ಕಲಿಸುವುದಿಲ್ಲವಾದ್ದರಿಂದ, ಎದುರಾಳಿಗಳೂ ಅಷ್ಟೇ ಶಕ್ತಿಯ ಕಾರು ತರುವ ಹಂತದಲ್ಲಿ ಅವರ ಪ್ರಗತಿ ನಿಂತುಬಿಡುತ್ತದೆ. ಮೊದಲು ಯಂತ್ರ, ನಂತರ ಕೈ, ನಂತರ ಕಾರು, ಕೊನೆಯಲ್ಲಿ ಹಣ ಎಂಬುದೇ ಈ ಬರಹ ಅನುಸರಿಸುವ ಕ್ರಮ.

ಯಂತ್ರವನ್ನು ಸಿದ್ಧಗೊಳಿಸುವುದು

ನಮ್ಮ ಕರಾವಳಿಯ ಉಪ್ಪುಗಾಳಿಯೂ ಘಟ್ಟದ ಮಳೆಗಾಲದ ತೇವವೂ ಇಂಥ ಉಪಕರಣಗಳಿಗೆ ದೊಡ್ಡ ಶತ್ರುಗಳು. ವರ್ಷಗಟ್ಟಲೆ ಮುಟ್ಟದೆ ಇಟ್ಟಿದ್ದ ಯಂತ್ರಕ್ಕೆ ನೇರವಾಗಿ ಕರೆಂಟು ಕೊಡಬೇಡಿ. ಹಿಂಬದಿಯ ವಿದ್ಯುತ್ ಪಿನ್ನು, ಎವಿ ಕೇಬಲ್ ಸೇರುವ ಜಾಗ ಮತ್ತು ಮೆಮೊರಿ ಕಾರ್ಡಿನ ಕಿಂಡಿಗಳನ್ನು ಟಾರ್ಚ್ ಹಿಡಿದು ನೋಡಿ. ಹಸಿರು ಕಿಲುಬು ಕಂಡರೆ ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಪೂರ್ತಿ ಆರುವವರೆಗೆ ಕಾಯಿರಿ. ದಪ್ಪನೆಯ ಹಳೆಯ ಮಾದರಿಯಾದರೆ ಹಿಂದಿನ ಫ್ಯಾನಿನಲ್ಲಿ ಕೂತ ಧೂಳನ್ನು ಮೃದುವಾದ ಬ್ರಶ್ಶಿನಿಂದ ತೆಗೆಯಿರಿ. ಮಳೆಗಾಲದಲ್ಲಿ ಯಂತ್ರವನ್ನೂ ಡಿಸ್ಕುಗಳನ್ನೂ ಮುಚ್ಚಳವಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುವುದು ಒಳ್ಳೆಯದು. ಆರಿದ್ರೆ ಮಳೆ ಹಿಡಿದ ಮೇಲೆ ಬಟ್ಟೆಯೇ ಒಣಗದ ಮನೆಗಳಲ್ಲಿ ಡಿಸ್ಕಿನ ಮೇಲೆ ಬೂಷ್ಟು ಬರುವುದು ಆಶ್ಚರ್ಯವೇನಲ್ಲ.

ಡಿಸ್ಕ್ ಒರೆಸುವಾಗ ನಡುವಿನಿಂದ ಅಂಚಿನ ಕಡೆಗೆ ನೇರ ಗೆರೆಯಲ್ಲಿ ಒರೆಸಬೇಕು. ಸುತ್ತು ತಿರುಗಿಸಿ ಒರೆಸಿದರೆ ಬೀಳುವ ಗೀರು ದತ್ತಾಂಶದ ಸಾಲಿನ ಉದ್ದಕ್ಕೂ ಬೀಳುತ್ತದೆ, ಅದನ್ನು ದಾಟಿ ಓದುವುದು ಯಂತ್ರಕ್ಕೆ ಕಷ್ಟ. ಈ ಆಟದ ಡಿವಿಡಿ ಎರಡು ಪದರದ್ದು ಎಂಬುದನ್ನೂ ನೆನಪಿಡಬೇಕು. ಬೇರೆ ಆಟಗಳು ಸರಿಯಾಗಿ ಓಡಿ, ಇದು ಮಾತ್ರ ಟ್ರ್ಯಾಕ್ ಲೋಡ್ ಆಗುವಾಗ ನಿಂತುಹೋದರೆ ಡಿಸ್ಕ್ ಹಾಳಾಗಿದೆ ಎಂದು ತೀರ್ಮಾನಿಸುವ ಮೊದಲು ಯಂತ್ರದ ಲೆನ್ಸ್ ದುರ್ಬಲವಾಗಿರುವ ಸಾಧ್ಯತೆಯನ್ನು ಪರಿಶೀಲಿಸಿ. ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಳ್ಳುವವರು ಅದು ತಮ್ಮ ಯಂತ್ರದ ಪ್ರದೇಶಕ್ಕೆ ಸೇರಿದ್ದೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಮೆಮೊರಿ ಕಾರ್ಡಿನ ವಿಷಯದಲ್ಲಿ ಜಿಪುಣತನ ಬೇಡ. 64 ಅಥವಾ 128 ಎಂಬಿ ಎಂದು ಬರೆದುಕೊಂಡ ಅಗ್ಗದ ನಕಲಿ ಕಾರ್ಡುಗಳಿಗಿಂತ ಸೋನಿಯ 8 ಎಂಬಿ ಕಾರ್ಡುಗಳು ಎರಡಿದ್ದರೆ ಸಾಕು. ಒಂದರಲ್ಲಿ ಆಡಿ, ವಾರಕ್ಕೊಮ್ಮೆ ಯಂತ್ರದ ಬ್ರೌಸರ್ ಪರದೆಗೆ ಹೋಗಿ ಇನ್ನೊಂದಕ್ಕೆ ನಕಲು ಮಾಡಿ ತೆಗೆದಿಡಿ. ತಿಂಗಳುಗಟ್ಟಲೆ ದುಡಿದ ವೃತ್ತಿಜೀವನ ಇರುವುದೆಲ್ಲ ಆ ಹೆಬ್ಬೆರಳಿನಷ್ಟು ದೊಡ್ಡ ಕಾರ್ಡಿನಲ್ಲಿ. ಆಟವೂ ತಾನಾಗಿ ಸೇವ್ ಮಾಡುತ್ತದೆಂದು ನಂಬಬೇಡಿ. ಕಾರು ಕೊಂಡ ಮೇಲೆ, ಲೈಸೆನ್ಸ್ ಪಾಸಾದ ಮೇಲೆ, ಬಹುಮಾನ ಬಂದ ಮೇಲೆ ನೀವೇ ಸೇವ್ ಮಾಡಬೇಕು.

ಇಂದಿನ ಟಿವಿಗಳಲ್ಲಿ ಹಳದಿ, ಬಿಳಿ, ಕೆಂಪು ಬಣ್ಣದ ಎವಿ ಕಿಂಡಿಗಳು ಇಲ್ಲದಿದ್ದರೆ ಎಚ್‌ಡಿಎಂಐಗೆ ಬದಲಿಸುವ ಚಿಕ್ಕ ಪರಿವರ್ತಕ ಬೇಕಾಗುತ್ತದೆ. ಟಿವಿಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಇದ್ದರೆ ಅದನ್ನು ತಪ್ಪದೆ ಹಾಕಿಕೊಳ್ಳಿ, ಏಕೆಂದರೆ ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಕಾರು ತಿರುಗಿದ್ದಕ್ಕೂ ನಡುವೆ ಬರುವ ವಿಳಂಬವೇ ಬ್ರೇಕಿನ ಅಂದಾಜನ್ನು ಕೆಡಿಸುತ್ತದೆ.

ಕೈಗೆ ಸಿಗುವ ಗುಂಡಿಗಳು

ಈ ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ, ಆಟದ ಪುಸ್ತಿಕೆಯೂ ಒತ್ತಿ ಹೇಳುವುದಿಲ್ಲ. ಡ್ಯುಯಲ್‌ಶಾಕ್ 2 ಕಂಟ್ರೋಲರ್‌ನ ಕತ್ತರಿ (×) ಗುರುತಿನ ಆಕ್ಸಿಲರೇಟರ್ ಗುಂಡಿ ಮತ್ತು ಚೌಕದ ಬ್ರೇಕ್ ಗುಂಡಿ ಒತ್ತಡವನ್ನು ಅಳೆಯುತ್ತವೆ. ಹಗುರವಾಗಿ ಒತ್ತಿದರೆ ಕಾಲು ಭಾಗ ಆಕ್ಸಿಲರೇಟರ್, ಗಟ್ಟಿಯಾಗಿ ಒತ್ತಿದರೆ ಪೂರ್ತಿ, ಬ್ರೇಕಿಗೂ ಹಾಗೆಯೇ. ಪರದೆಯ ಕೆಳಗೆ ಕಾಣುವ ಆಕ್ಸಿಲರೇಟರ್ ಮತ್ತು ಬ್ರೇಕಿನ ಪಟ್ಟಿಗಳನ್ನು ನೋಡುತ್ತ, ಯಾವುದೇ ಟ್ರ್ಯಾಕಿನ ನೇರ ಭಾಗದಲ್ಲಿ ಹೆಬ್ಬೆರಳಿನ ತುದಿಯಿಂದ ಆ ಪಟ್ಟಿಯನ್ನು ಅರ್ಧಕ್ಕೆ ನಿಲ್ಲಿಸುವ ಅಭ್ಯಾಸ ಮಾಡಿ. ಮೊದಲು ಪಟ್ಟಿ ಶೂನ್ಯದಿಂದ ತುದಿಗೆ ಜಿಗಿಯುತ್ತದೆ. ಬೆರಳಿನ ಗೆಣ್ಣನ್ನು ಬಾಗಿಸಿ ಒತ್ತುವುದನ್ನು ಬಿಟ್ಟು, ಹೆಬ್ಬೆರಳಿನ ಮೆತ್ತನೆಯ ಭಾಗವನ್ನು ಗುಂಡಿಯ ಮೇಲೆ ಉರುಳಿಸಿದಂತೆ ಒತ್ತಿದಾಗ ಪಟ್ಟಿ ನಿಧಾನವಾಗಿ ಏರುವುದು ಕಾಣುತ್ತದೆ. ತಿರುವಿನಿಂದ ಹೊರಬರುವಾಗ ಹಿಂದಿನ ಚಕ್ರಗಳು ಜಾರದಂತೆ ಹಿಡಿಯುವುದು ಈ ಒಂದು ಕೌಶಲದ ಮೇಲೆ ನಿಂತಿದೆ.

ಮಾರುಕಟ್ಟೆಯಲ್ಲಿ ಸಿಗುವ ನಕಲಿ ಕಂಟ್ರೋಲರ್‌ಗಳಲ್ಲಿ ಅನೇಕವು ಒತ್ತಡವನ್ನು ಅಳೆಯುವುದೇ ಇಲ್ಲ. ನೋಡಲು ಮೂಲದಂತೆಯೇ ಇರುತ್ತವೆ, ಪಟ್ಟಿ ಮಾತ್ರ ಸೊನ್ನೆ ಅಥವಾ ಪೂರ್ತಿ ಎರಡೇ ಸ್ಥಿತಿಯಲ್ಲಿ ಇರುತ್ತದೆ. ಕೊಳ್ಳುವ ಮೊದಲು ಆಟದಲ್ಲಿಯೇ ಹಾಕಿ ನೋಡಿ. ಅಂಥದ್ದೇ ಕೈಗೆ ಬಂದಿದ್ದರೆ ಆಕ್ಸಿಲರೇಟರ್ ಮತ್ತು ಬ್ರೇಕನ್ನು ಬಲಗಡೆಯ ಸ್ಟಿಕ್ಕಿಗೆ ಬದಲಿಸಿಕೊಳ್ಳಿ. ಲಾಜಿಟೆಕ್‌ನ ಡ್ರೈವಿಂಗ್ ಫೋರ್ಸ್ ಪ್ರೊ ಸ್ಟಿಯರಿಂಗ್ ಚಕ್ರ 900 ಡಿಗ್ರಿ ತಿರುಗುತ್ತದೆ, ಈ ಆಟ ಅದನ್ನು ಪೂರ್ತಿಯಾಗಿ ಬೆಂಬಲಿಸುತ್ತದೆ. ಸಿಕ್ಕರೆ ಅದೃಷ್ಟ, ಸಿಗದಿದ್ದರೂ ವೃತ್ತಿಜೀವನಕ್ಕೆ ಯಾವ ಕೊರತೆಯೂ ಇಲ್ಲ.

ಲೈಸೆನ್ಸ್ ಕೇಂದ್ರ

ಬಿ, ಎ, ಇಂಟರ್‌ನ್ಯಾಷನಲ್ ಬಿ, ಇಂಟರ್‌ನ್ಯಾಷನಲ್ ಎ ಮತ್ತು ಎಸ್ ಎಂದು ಐದು ಲೈಸೆನ್ಸ್‌ಗಳಿವೆ. ಪ್ರತಿಯೊಂದರಲ್ಲೂ 16 ಪರೀಕ್ಷೆಗಳು. ಕಂಚು ಸಿಕ್ಕರೆ ಪಾಸು. ಬೆಳ್ಳಿ ಮತ್ತು ಚಿನ್ನ ನಿಮ್ಮ ಛಲಕ್ಕೆ ಬಿಟ್ಟದ್ದು. ನಡುವೆ ಬರುವ ಕಾಫಿ ಬ್ರೇಕ್ ಎಂಬ ಕೋನ್ ಉರುಳಿಸುವ ಆಟ ಕಡ್ಡಾಯವಲ್ಲ. ಹಿಂದಿನ ಗ್ರ್ಯಾನ್ ಟುರಿಸ್ಮೊ 3ರ ಸೇವ್ ಇರುವವರು ಅದರಿಂದ 1,00,000 ಕ್ರೆಡಿಟ್‌ವರೆಗೆ ಹಣವನ್ನೂ ಬಿ ಮತ್ತು ಎ ಲೈಸೆನ್ಸ್‌ಗಳನ್ನೂ ತರಬಹುದು. ನನ್ನ ಅಭಿಪ್ರಾಯದಲ್ಲಿ ಹೊಸದಾಗಿ ಆರಂಭಿಸುವವರು ಇದನ್ನು ಮಾಡಲೇಬಾರದು, ಏಕೆಂದರೆ ಬಿ ಲೈಸೆನ್ಸ್‌ನ 16 ಪರೀಕ್ಷೆಗಳಷ್ಟು ಚೊಕ್ಕವಾಗಿ ಚಾಲನೆಯ ಮೂಲಪಾಠವನ್ನು ಹೇಳಿಕೊಡುವ ಭಾಗ ಈ ಆಟದಲ್ಲಿ ಇನ್ನೊಂದಿಲ್ಲ.

ಪ್ರತಿ ಪರೀಕ್ಷೆಗೂ ಒಂದು ಪ್ರದರ್ಶನದ ಓಟವಿದೆ. ಅದನ್ನು ಮೊದಲು ನೋಡಿ. ನೋಡುವಾಗ ಕಾರನ್ನಲ್ಲ, ಬ್ರೇಕಿನ ಪಟ್ಟಿಯನ್ನು ಗಮನಿಸಿ: ಬ್ರೇಕ್ ಎಲ್ಲಿ ಆರಂಭವಾಯಿತು, ರಸ್ತೆಬದಿಯ ಯಾವ ಗುರುತಿನ ಎದುರು ಅದು ಸೊನ್ನೆಗೆ ಬಂತು, ಆಕ್ಸಿಲರೇಟರ್ ಮತ್ತೆ ಎಲ್ಲಿ ಶುರುವಾಯಿತು. ಈ ಮೂರು ಜಾಗಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ಬಳಿಕ ನಿಮ್ಮ ಪ್ರಯತ್ನದಲ್ಲಿ ಸಮಯವನ್ನು ಮರೆತು, ಆ ಮೂರು ಜಾಗಗಳಲ್ಲಿ ಆ ಮೂರು ಕೆಲಸ ಮಾಡುವುದಷ್ಟನ್ನೇ ಗುರಿಯಾಗಿಟ್ಟುಕೊಳ್ಳಿ. ಕಂಚಿನ ಸಮಯ ತಾನಾಗಿ ಬರುತ್ತದೆ.

ಬ್ರೇಕಿನ ವಿಷಯದಲ್ಲಿ ತಿಳಿಯಬೇಕಾದದ್ದು ಭಾರದ ಚಲನೆ. ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿ ಚಾಲಕ ತಿರುವಿಗೆ ಮುನ್ನ ಬ್ರೇಕ್ ಒತ್ತಿದಾಗ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರೆ, ತಿರುವಿನಲ್ಲಿ ಹೊರಬದಿಗೆ ವಾಲುತ್ತಾರೆ. ಆಟದ ಕಾರಿನ ತೂಕವೂ ಹಾಗೆಯೇ ಮುಂದಿನ ಟಯರುಗಳ ಮೇಲೆ, ಬಳಿಕ ಹೊರಬದಿಯ ಟಯರುಗಳ ಮೇಲೆ ಕೂರುತ್ತದೆ. ಟಯರಿಗೆ ಇರುವ ಹಿಡಿತ ಒಂದೇ. ಅದನ್ನು ಪೂರ್ತಿ ಬ್ರೇಕಿಗೆ ಖರ್ಚು ಮಾಡುತ್ತಿರುವಾಗ ತಿರುಗಿಸಲು ಏನೂ ಉಳಿದಿರುವುದಿಲ್ಲ, ಆದ್ದರಿಂದ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರವಾಗಿ ಹುಲ್ಲಿಗೆ ಹೋಗುತ್ತದೆ. ನೇರ ರಸ್ತೆಯಲ್ಲಿಯೇ ಬಹುಪಾಲು ಬ್ರೇಕ್ ಮುಗಿಸಿ, ತಿರುಗಿಸಲು ಆರಂಭಿಸುತ್ತಿದ್ದಂತೆ ಚೌಕದ ಗುಂಡಿಯ ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಹೋಗುವುದು ಸರಿಯಾದ ವಿಧಾನ.

ಇದನ್ನು ಒಂದು ತಿರುವಿನಲ್ಲಿ ವಿವರವಾಗಿ ನೋಡೋಣ. ಕ್ಯಾಲಿಫೋರ್ನಿಯಾದ ಲಗುನಾ ಸೆಕಾ ಟ್ರ್ಯಾಕ್ ಸುಮಾರು 3.6 ಕಿಲೋಮೀಟರ್ ಉದ್ದದ್ದು, ಅದರ ಕಾರ್ಕ್‌ಸ್ಕ್ರೂ ಎಂಬ ತಿರುವು ಈ ಆಟದಲ್ಲೂ ನಿಜಜೀವನದಲ್ಲೂ ಹೆಸರಾದದ್ದು. ದಿಬ್ಬವನ್ನೇರುವ ನೇರ ದಾರಿಯ ತುದಿಯಲ್ಲಿ ಎಡಕ್ಕೆ ತಿರುವು. ತಿರುಗುತ್ತಿದ್ದಂತೆಯೇ ರಸ್ತೆ ಕೆಳಗೆ ಕುಸಿದು ತಕ್ಷಣ ಬಲಕ್ಕೆ ತಿರುಗುತ್ತದೆ. ದಿಬ್ಬದ ನೆತ್ತಿಯವರೆಗೆ ಎರಡನೆಯ ತಿರುವು ಕಣ್ಣಿಗೆ ಬೀಳುವುದೇ ಇಲ್ಲ. ಕಾರಿನ ಮೂತಿ ಇನ್ನೂ ಮೇಲ್ಮುಖವಾಗಿ, ಟಯರುಗಳ ಮೇಲೆ ಭಾರ ಇರುವಾಗಲೇ ಬ್ರೇಕ್ ಮುಗಿದಿರಬೇಕು. ನೆತ್ತಿ ದಾಟಿದ ಮೇಲೆ ಕಾರು ಹಗುರವಾಗುವುದರಿಂದ ಅಲ್ಲಿ ಹಾಕಿದ ಬ್ರೇಕಿಗೆ ಹಿಡಿತ ಸಿಗುವುದಿಲ್ಲ. ಎಡ ತಿರುವಿನ ಒಳ ಅಂಚನ್ನು ಮುಟ್ಟಿ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಒತ್ತಬೇಕೆಂಬ ಆತುರವನ್ನು ತಡೆದು, ಬಲ ತಿರುವಿಗೆ ಕಾರು ಪೂರ್ತಿ ಮುಖ ಮಾಡಿದ ಮೇಲಷ್ಟೇ ಹೆಬ್ಬೆರಳನ್ನು ನಿಧಾನವಾಗಿ ಉರುಳಿಸಿ. ಈ ಒಂದು ತಿರುವನ್ನು ಸತತವಾಗಿ ತಪ್ಪದೆ ದಾಟಬಲ್ಲವರಿಗೆ ಎ ಲೈಸೆನ್ಸ್‌ವರೆಗಿನ ಪರೀಕ್ಷೆಗಳಲ್ಲಿ ಹೆದರುವಂಥದ್ದು ಹೆಚ್ಚೇನಿಲ್ಲ.

ಆರಂಭದಲ್ಲಿ ಕಾರುಗಳಲ್ಲಿ ಎಎಸ್‌ಎಂ ಮತ್ತು ಟಿಸಿಎಸ್ ಎಂಬ ಸಹಾಯಗಳು ಚಾಲೂ ಇರುತ್ತವೆ. ಮೊದಲನೆಯದು ಕಾರು ಜಾರಿದಾಗ ತಾನೇ ಬ್ರೇಕ್ ಹಾಕಿ ಸರಿಪಡಿಸುತ್ತದೆ, ಎರಡನೆಯದು ಚಕ್ರ ಸುಮ್ಮನೆ ತಿರುಗಿದಾಗ ಶಕ್ತಿಯನ್ನು ಕಡಿತಗೊಳಿಸುತ್ತದೆ. ಎರಡೂ ವೇಗವನ್ನು ತಿನ್ನುತ್ತವೆ. ನಿಮ್ಮ ಸ್ವಂತ ಕಾರು ಬಂದ ಮೇಲೆ ಮೊದಲು ಎಎಸ್‌ಎಂ ತೆಗೆದುಹಾಕಿ, ಟಿಸಿಎಸ್ ಅನ್ನು ವಾರದಿಂದ ವಾರಕ್ಕೆ ಒಂದೊಂದೇ ಅಂಕ ಇಳಿಸಿ.

ಮೊದಲ ಕಾರು

10,000 ಕ್ರೆಡಿಟ್ ಹಿಡಿದು ಹೊಸ ಕಾರಿನ ಷೋರೂಮ್‌ಗೆ ಹೋಗಬೇಡಿ. ಯೂಸ್ಡ್ ಕಾರ್ ಷೋರೂಮ್‌ಗಳು ಮೂರಿವೆ, ಅಲ್ಲಿನ ಸಂಗ್ರಹ ಆಟದ ದಿನಗಳು ಕಳೆದಂತೆ ಬದಲಾಗುತ್ತಿರುತ್ತದೆ. ಓಟ ಮತ್ತು ಪರೀಕ್ಷೆಗಳಿಂದ ದಿನಗಳು ಮುಂದೆ ಹೋಗುವುದರಿಂದ, ಬಿ ಲೈಸೆನ್ಸ್ ಮುಗಿಸಿ ಬರುವ ಹೊತ್ತಿಗೆ ಅಂಗಡಿಯಲ್ಲಿ ಬೇರೆ ಕಾರುಗಳು ನಿಂತಿರುತ್ತವೆ. ಇಷ್ಟವಾದದ್ದು ಕಾಣದಿದ್ದರೆ ಕೆಲವು ಪರೀಕ್ಷೆಗಳನ್ನು ಮಾಡಿ ಮತ್ತೆ ನೋಡಿ.

ಆಯ್ಕೆ ಮಾಡುವಾಗ ಅಶ್ವಶಕ್ತಿಯ ಅಂಕಣಕ್ಕಿಂತ ತೂಕದ ಅಂಕಣವನ್ನು ಮೊದಲು ಓದುವ ಅಭ್ಯಾಸ ಬೆಳೆಸಿಕೊಳ್ಳಿ. ತೊಂಬತ್ತರ ದಶಕದ ಜಪಾನಿನ ಬಲಿಷ್ಠ ಸ್ಪೋರ್ಟ್ಸ್ ಕಾರುಗಳಲ್ಲಿ ಹಲವದರ ಎದುರು 280 ಪಿಎಸ್ (ಅಶ್ವಶಕ್ತಿಯ ಅಳತೆ) ಎಂದೇ ಕಾಣುತ್ತದೆ. ಅಲ್ಲಿನ ತಯಾರಕರು ಅದಕ್ಕಿಂತ ಹೆಚ್ಚು ಘೋಷಿಸಬಾರದೆಂದು ತಮ್ಮಲ್ಲೇ ಒಪ್ಪಿಕೊಂಡಿದ್ದು, ಆ ಒಪ್ಪಂದ ಮುರಿದದ್ದು 2004ರಲ್ಲಿ. ಹೀಗಿರುವಾಗ ಒಂದೇ ಅಂಕಿಯ ಎರಡು ಕಾರುಗಳ ನಡುವಿನ ನಿಜವಾದ ಅಂತರವನ್ನು ತೂಕವೇ ಹೇಳುತ್ತದೆ. ಮೊದಲ ಕಾರಿಗೆ ಹಗುರವಾದ ಮುಂಚಕ್ರ ಚಾಲನೆಯ ಹೋಂಡಾ ಸಿವಿಕ್ ಅಥವಾ ಹಿಂಚಕ್ರ ಚಾಲನೆಯ ಯೂನೊಸ್ ರೋಡ್‌ಸ್ಟರ್ ನನ್ನ ಶಿಫಾರಸು. ಸಿವಿಕ್ ತಪ್ಪನ್ನು ಕ್ಷಮಿಸುತ್ತದೆ. ರೋಡ್‌ಸ್ಟರ್ ಕ್ಷಮಿಸುವುದಿಲ್ಲ, ಆದರೆ ಬೇಗ ಕಲಿಸುತ್ತದೆ.

ಕೊಂಡ ಕೂಡಲೇ ಆಯಿಲ್ ಬದಲಿಸಿ. ಬಹಳ ಓಡಿದ ಹಳೆಯ ಕಾರಿನಲ್ಲಿ ಇಷ್ಟು ಚಿಕ್ಕ ಖರ್ಚಿಗೆ ಕಳೆದುಹೋದ ಶಕ್ತಿಯ ಒಂದು ಪಾಲು ಹಿಂದೆ ಬರುತ್ತದೆ. ಬಾಡಿಯ ಬಿಗಿತವನ್ನು ಮರಳಿ ತರುವ ಸೇವೆಯೂ ಇದೆ, ಆದರೆ ಅದು ದುಬಾರಿ. ಬಹುಕಾಲ ಇಟ್ಟುಕೊಳ್ಳುವ ಕಾರಿಗೆ ಮಾತ್ರ ಸಾಕು.

ಆರಂಭದ ಓಟಗಳು

ಬಿಗಿನರ್ ಹಾಲ್‌ನಲ್ಲಿ ಸಂಡೇ ಕಪ್‌ನಿಂದ ಶುರು ಮಾಡಿ, ಕೈಯಲ್ಲಿರುವ ಕಾರಿನ ಚಾಲನಾ ವಿಧಕ್ಕೆ ತಕ್ಕಂತೆ ಎಫ್‌ಎಫ್ (ಮುಂಚಕ್ರ ಚಾಲನೆ) ಅಥವಾ ಎಫ್‌ಆರ್ (ಹಿಂಚಕ್ರ ಚಾಲನೆ) ಚಾಲೆಂಜ್‌ಗೆ ಹೋಗಿ. ಒಂದು ಸ್ಪರ್ಧೆಯ ಎಲ್ಲ ಓಟಗಳನ್ನೂ ಗೆದ್ದರೆ ಬಹುಮಾನವಾಗಿ ಕಾರು ಸಿಗುತ್ತದೆ. ಬಹುಮಾನದ ಕಾರು ಮುಂದಿನ ಯಾವುದಾದರೂ ಸ್ಪರ್ಧೆಗೆ ಅರ್ಹವೇ ಎಂದು ನೋಡದೆ ಮಾರಬೇಡಿ. ಫೋರ್ ವೀಲ್ ಡ್ರೈವ್, ಮಿಡ್ ಎಂಜಿನ್ ಹೀಗೆ ವಿಧಕ್ಕೊಂದು ಸ್ಪರ್ಧೆ ಇರುವುದರಿಂದ, ಗ್ಯಾರೇಜಿನಲ್ಲಿ ವಿಧಕ್ಕೊಂದು ಕಾರು ಇದ್ದರೆ ಕೊಳ್ಳುವ ಖರ್ಚು ಉಳಿಯುತ್ತದೆ.

ಲೈಟ್‌ವೇಟ್ ಕೆ ಕಪ್ ಅನ್ನು ಅನೇಕರು ಮಕ್ಕಳ ಓಟವೆಂದು ಬಿಟ್ಟುಬಿಡುತ್ತಾರೆ. ನನಗೆ ಬಿಗಿನರ್ ಹಾಲ್‌ನಲ್ಲಿ ಅತ್ಯಂತ ಪ್ರಿಯವಾದದ್ದು ಅದೇ. ಜಪಾನಿನ ಕೆ-ಕಾರುಗಳ, ಅಂದರೆ ಅತಿ ಚಿಕ್ಕ ಕಾರುಗಳ, ಎಂಜಿನ್ 660 ಸಿಸಿ, ಶಕ್ತಿ 64 ಪಿಎಸ್ ಮೀರುವುದಿಲ್ಲ. ಕಾರವಾರದ ಹೆದ್ದಾರಿಯಲ್ಲೂ ಶಿರಸಿಯ ಪೇಟೆಯಲ್ಲೂ ದಿನವೂ ಕಾಣುವ ಆಲ್ಟೋ, ವ್ಯಾಗನ್ ಆರ್ ಹೆಸರುಗಳು ಇಲ್ಲಿ ಸುಝುಕಿ ಆಲ್ಟೋ ವರ್ಕ್ಸ್, ವ್ಯಾಗನ್ ಆರ್ ಆರ್‌ಆರ್ ಎಂಬ ಟರ್ಬೊ ರೂಪಗಳಲ್ಲಿ ಸಿಗುತ್ತವೆ. ಶಕ್ತಿ ಇಷ್ಟು ಕಡಿಮೆ ಇರುವಾಗ ತಿರುವಿನಲ್ಲಿ ಕಳೆದುಕೊಂಡ ಪ್ರತಿ ಕಿಲೋಮೀಟರ್ ವೇಗವನ್ನು ಮರಳಿ ಪಡೆಯಲು ಇಡೀ ನೇರ ದಾರಿಯೇ ಬೇಕಾಗುತ್ತದೆ. ವೇಗವನ್ನು ಕಾಯ್ದುಕೊಳ್ಳುವ ಗುಣ ಬರುವುದು ಇಂಥ ಕಾರುಗಳಿಂದ.

ಟ್ಯೂನಿಂಗ್: ಎಲ್ಲಿಂದ ಆರಂಭ

ಹಣ ಬಂದಾಗ ಮೊದಲು ಟಯರು, ಬಳಿಕ ಸಸ್ಪೆನ್ಷನ್ ಮತ್ತು ಬ್ರೇಕು, ಬಳಿಕ ತೂಕ ಇಳಿಕೆ, ಕೊನೆಯಲ್ಲಿ ಎಂಜಿನ್ ಎಂಬ ಕ್ರಮದಲ್ಲಿ ಖರ್ಚು ಮಾಡಿ. ಟಯರುಗಳು ಎನ್, ಎಸ್, ಆರ್ ಎಂಬ ಮೂರು ವರ್ಗದಲ್ಲಿವೆ: ಸಾಮಾನ್ಯ ರಸ್ತೆಯವು, ಸ್ಪೋರ್ಟ್ಸ್ ಮತ್ತು ರೇಸಿಂಗ್. ಅಂಕಿ ಹೆಚ್ಚಿದಷ್ಟೂ ಮೃದು, ಮೃದುವಾದಷ್ಟೂ ಹಿಡಿತ ಹೆಚ್ಚು, ಸವೆತವೂ ಹೆಚ್ಚು. ಆರಂಭದ ಓಟಗಳಲ್ಲಿ ಆರ್ ವರ್ಗದ ಟಯರು ಹಾಕಿದರೆ ಸುಲಭವಾಗಿ ಗೆಲ್ಲಬಹುದು, ಆದರೆ ಜಾರುವ ಕಾರನ್ನು ಹಿಡಿದು ನಿಲ್ಲಿಸುವ ಅಭ್ಯಾಸ ತಪ್ಪಿಹೋಗುತ್ತದೆ. ಎಸ್ ವರ್ಗದಲ್ಲಿಯೇ ಬಹುಕಾಲ ಇರಿ.

ತೂಕ ಇಳಿಕೆ, ಪೋರ್ಟ್ ಪಾಲಿಶ್, ಎಂಜಿನ್ ಬ್ಯಾಲೆನ್ಸಿಂಗ್ ಮುಂತಾದ ಕೆಲಸಗಳನ್ನು ಒಮ್ಮೆ ಮಾಡಿಸಿದರೆ ಹಿಂದೆ ತೆಗೆಯಲಾಗದು. ಮಫ್ಲರ್, ಸಸ್ಪೆನ್ಷನ್, ಗೇರ್‌ಬಾಕ್ಸ್‌ನಂಥವನ್ನು ಬೇಕಾದಾಗ ಮೂಲಕ್ಕೆ ಬದಲಿಸಬಹುದು. ಶಕ್ತಿಯ ಮಿತಿ ಇರುವ ಸ್ಪರ್ಧೆಗಳಿಗೆ ಅದೇ ಕಾರನ್ನು ಬಳಸುವ ಯೋಚನೆಯಿದ್ದರೆ ಮರಳಲಾಗದ ಕೆಲಸಗಳನ್ನು ಮುಂದೂಡಿ. ಪೂರ್ತಿ ಬದಲಿಸಬಹುದಾದ ಗೇರ್‌ಬಾಕ್ಸ್ ದುಬಾರಿಯಾದರೂ, ಉದ್ದದ ನೇರ ದಾರಿಯಿರುವ ಟ್ರ್ಯಾಕಿನಲ್ಲಿ ಕೊನೆಯ ಗೇರ್ ತುದಿಗೆ ಬಂದು ಕಾರು ಅಲ್ಲೇ ಕೂಗುತ್ತ ನಿಲ್ಲುವುದನ್ನು ತಪ್ಪಿಸುವ ಉಪಾಯ ಅದೊಂದೇ. ಸಸ್ಪೆನ್ಷನ್ ಹೊಂದಿಸುವಾಗ ಒಂದು ಬಾರಿಗೆ ಒಂದೇ ಅಂಕಿ ಬದಲಿಸಿ, ಒಂದೇ ಟ್ರ್ಯಾಕಿನಲ್ಲಿ ಓಡಿಸಿ, ನೋಟ್ ಪುಸ್ತಕದಲ್ಲಿ ಬರೆಯಿರಿ. 2 ಕಿಲೋಮೀಟರ್‌ಗಿಂತ ತುಸು ಉದ್ದದ ತ್ಸುಕುಬಾ ಇದಕ್ಕೆ ಹೇಳಿ ಮಾಡಿಸಿದಂಥ ಟ್ರ್ಯಾಕ್. ಬದಲಾವಣೆಯ ಫಲ ಒಂದೆರಡು ಸುತ್ತಿನಲ್ಲೇ ಗೊತ್ತಾಗುತ್ತದೆ.

ಎಂಜಿನ್‌ಗೆ ಕ್ಷಣಕಾಲ ಹೆಚ್ಚು ಶಕ್ತಿ ಕೊಡುವ ನೈಟ್ರಸ್ ಕಿಟ್ಟನ್ನು ನಾನು ಶಿಫಾರಸು ಮಾಡುವುದಿಲ್ಲ. ಅದಕ್ಕೆ ಎ-ಸ್ಪೆಕ್ ಅಂಕಗಳೇ ಕಾರಣ: ನೀವೇ ಓಡಿಸುವ ಪ್ರತಿ ಓಟಕ್ಕೂ ಮೊದಲು ಗೆದ್ದರೆ ಎಷ್ಟು ಅಂಕ ಎಂಬುದನ್ನು ಆಟ ತೋರಿಸುತ್ತದೆ, ಎದುರಾಳಿಗಳಿಗಿಂತ ನಿಮ್ಮ ಕಾರು ದುರ್ಬಲವಾದಷ್ಟೂ ಅದು 200ರವರೆಗೆ ಏರುತ್ತದೆ, ನೈಟ್ರಸ್ ಹಾಕಿದರೆ ಇಳಿಯುತ್ತದೆ. ಹಣದ ಮೊತ್ತಕ್ಕಿಂತ ಈ ಅಂಕಗಳೇ ಚಾಲಕನ ನಿಜವಾದ ಅಳತೆಗೋಲು ಎಂದು ನಾನು ನಂಬುತ್ತೇನೆ. ಸುಲಭವಾಗಿ ಗೆದ್ದ ಓಟಕ್ಕೆ ದುರ್ಬಲ ಕಾರಿನೊಂದಿಗೆ ಮರಳಿ ಹೋಗಿ ಹೆಚ್ಚಿನ ಅಂಕ ಗಳಿಸಬಹುದು.

ನಡುವಿನ ಹಂತ

ಪ್ರೊಫೆಷನಲ್ ಹಾಲ್ ಮತ್ತು ಎಕ್ಸ್‌ಟ್ರೀಮ್ ಹಾಲ್‌ಗಳಿಗೆ ಮೇಲಿನ ಲೈಸೆನ್ಸ್‌ಗಳು ಬೇಕು. ಕ್ಲಬ್‌ಮನ್ ಕಪ್‌ನಂಥ ಓಟಗಳಿಂದ ಆರಂಭಿಸಿ, ಪ್ರತಿ ಸ್ಪರ್ಧೆಯ ಅರ್ಹತೆಯ ಪರದೆಯನ್ನು ಓದಿ ಮುಂದುವರಿಯಿರಿ.

ಸ್ಪೆಷಲ್ ಕಂಡಿಷನ್ ಹಾಲ್‌ನ ಓಟಗಳಲ್ಲಿ ಎದುರಾಳಿ ಒಬ್ಬನೇ. ಮಣ್ಣು ಮತ್ತು ಹಿಮದ ದಾರಿಗಳಿಗೆ ಅದಕ್ಕೆಂದೇ ಇರುವ ಟಯರುಗಳನ್ನು ಕೊಳ್ಳಬೇಕು. ಗೋಡೆಗೆ ಅಥವಾ ಎದುರಾಳಿಗೆ ಗುದ್ದಿದರೆ 5 ಸೆಕೆಂಡುಗಳ ಕಾಲ ಕಾರಿನ ವೇಗ ಗಂಟೆಗೆ 50 ಕಿಲೋಮೀಟರ್‌ಗೆ ಇಳಿಯುವ ದಂಡವಿದೆ. ಈ ಆಟದಲ್ಲಿ ಕಾರಿಗೆ ಜಖಂ ಆಗುವುದಿಲ್ಲವಾದ್ದರಿಂದ ಉಳಿದ ಓಟಗಳಲ್ಲಿ ಗೋಡೆಗೆ ಒರಗಿ ತಿರುಗುವ ಕೆಟ್ಟ ಅಭ್ಯಾಸ ಬಂದಿದ್ದರೆ ಅದು ಬಯಲಾಗುವುದು ಇಲ್ಲಿ.

ಡ್ರೈವಿಂಗ್ ಮಿಷನ್‌ಗಳು 34. ಕಾರನ್ನು ಆಟವೇ ಕೊಡುತ್ತದೆ, ಆದ್ದರಿಂದ ಹಣದ ಬಲ ನಡೆಯುವುದಿಲ್ಲ. ಸ್ಲಿಪ್‌ಸ್ಟ್ರೀಮ್ ಮಿಷನ್‌ಗಳಲ್ಲಿ ಮುಂದಿನ ಕಾರಿನ ಬೆನ್ನಿಗೆ ಅಂಟಿಕೊಂಡು ಗಾಳಿಯ ತಡೆ ಕಡಿಮೆ ಮಾಡಿಕೊಳ್ಳುವುದನ್ನೂ, ಕೊನೆಯ ಕ್ಷಣದಲ್ಲಿ ಪಕ್ಕಕ್ಕೆ ಸರಿದು ದಾಟುವುದನ್ನೂ ಕಲಿಯುತ್ತೀರಿ. ಒನ್ ಲ್ಯಾಪ್ ಮ್ಯಾಜಿಕ್‌ನಲ್ಲಿ ಎದುರಾಳಿಗಳೆಲ್ಲ ಬಹಳ ಮೊದಲೇ ಹೊರಟಿರುತ್ತಾರೆ. ಒಂದೇ ಸುತ್ತಿನಲ್ಲಿ ಎಲ್ಲರನ್ನೂ ದಾಟಬೇಕು. ಲೈಸೆನ್ಸ್‌ಗಳನ್ನು ಶ್ರದ್ಧೆಯಿಂದ ಮಾಡಿದವರಿಗೆ ಇದು ಈ ಆಟದ ಅತ್ಯುತ್ತಮ ಊಟ. 20.8 ಕಿಲೋಮೀಟರ್ ಉದ್ದದ ನ್ಯೂರ್ಬರ್ಗ್‌ರಿಂಗ್ ನಾರ್ಡ್‌ಶ್ಲೈಫೆಯನ್ನು ಕಲಿಯುವವರು ಇಡೀ ಸುತ್ತನ್ನು ಒಮ್ಮೆಗೇ ನೆನಪಿಡಲು ಹೋಗದೆ, ನಾಲ್ಕೈದು ಭಾಗ ಮಾಡಿಕೊಂಡು ದಿನಕ್ಕೊಂದು ಭಾಗವನ್ನು ಬರೆದು ಕಲಿಯುವುದು ಮೇಲು.

ಬಿ-ಸ್ಪೆಕ್ ಚಾಲಕ ಮತ್ತು ದೀರ್ಘ ಓಟಗಳು

ಗ್ರ್ಯಾನ್ ಟುರಿಸ್ಮೊ 4 ಸರಣಿಗೆ ಹೊಸದಾಗಿ ತಂದ ದೊಡ್ಡ ಸಂಗತಿ ಬಿ-ಸ್ಪೆಕ್. ಇಲ್ಲಿ ನೀವು ತಂಡದ ಮುಖ್ಯಸ್ಥರು, ಕಾರು ಓಡಿಸುವವನು ನಿಮ್ಮ ಕೈಕೆಳಗಿನ ಚಾಲಕ. ಅವನಿಗೆ 1ರಿಂದ 5ರವರೆಗೆ ವೇಗದ ಆಜ್ಞೆ ಕೊಡಬಹುದು, ಮುಂದಿನವನನ್ನು ದಾಟು ಎಂದು ಹೇಳಬಹುದು, ಟಯರು ಬದಲಿಸಲು ನಿಲ್ಲುವ ಜಾಗವಾದ ಪಿಟ್‌ಗೆ ಕರೆಯಬಹುದು. ಯಂತ್ರದ ಕೌಶಲ, ಟ್ರ್ಯಾಕಿನ ಕೌಶಲ, ಹೋರಾಟದ ಕೌಶಲ ಎಂಬ ಮೂರು ಅಳತೆಗಳಲ್ಲಿ ಅವನು ಓಟದಿಂದ ಓಟಕ್ಕೆ ಬೆಳೆಯುತ್ತಾನೆ. ಅವನು ಗೆದ್ದರೆ ಹಣವೂ ಬಹುಮಾನದ ಕಾರೂ ನಿಮಗೆ ಸಿಗುತ್ತವೆ, ಎ-ಸ್ಪೆಕ್ ಅಂಕ ಮಾತ್ರ ಸಿಗುವುದಿಲ್ಲ.

ಅನನುಭವಿ ಚಾಲಕನನ್ನು ನೇರವಾಗಿ ದೊಡ್ಡ ಓಟಕ್ಕೆ ಕಳಿಸಿ 5ರಲ್ಲಿ ಓಡಿಸುವುದು ಎಲ್ಲರಿಗೂ ಮೊದಲು ತೋಚುವ ದಾರಿ. 5ರಲ್ಲಿ ಅವನು ಬ್ರೇಕನ್ನು ತಡವಾಗಿ ಹಾಕುತ್ತಾನೆ, ಟಯರು ಬೇಗ ಸವೆಯುತ್ತದೆ, ಸವೆದ ಟಯರಿನಲ್ಲಿ ಮತ್ತೆ 5 ಎಂದರೆ ರಸ್ತೆ ಬಿಟ್ಟು ಹೊರಗೆ ಹೋಗುತ್ತಾನೆ. ಬಿಗಿನರ್ ಹಾಲ್‌ನಲ್ಲಿ ನೀವು ಆಗಲೇ ಗೆದ್ದ ಓಟಗಳಿಗೇ ಅವನನ್ನು ಮೊದಲು ಕಳಿಸಿ. ಸಾಮಾನ್ಯವಾಗಿ 3ರಲ್ಲಿ ಇಡಿ. ಹೊಸ ಟಯರಿನ ಮೊದಲ ಕೆಲವು ಸುತ್ತುಗಳಲ್ಲಿ 4ಕ್ಕೆ ಏರಿಸಿ. ಟಯರಿನ ಗುರುತು ಬಣ್ಣ ಬದಲಿಸತೊಡಗಿದಾಗ 2ಕ್ಕೆ ಇಳಿಸಿ ಪಿಟ್‌ವರೆಗೆ ತನ್ನಿ. ದಾಟುವ ಆಜ್ಞೆಯನ್ನು ತಿರುವಿನ ಹೊಸ್ತಿಲಲ್ಲಿ ಕೊಡಬೇಡಿ. ಉದ್ದದ ನೇರ ದಾರಿಗೆ ಬರುವ ತಿರುವಿನಿಂದ ಅವನು ಹೊರಬರುತ್ತಿರುವಾಗ ಕೊಟ್ಟರೆ ಕೆಲಸ ಆಗುತ್ತದೆ.

ಎಂಡ್ಯೂರೆನ್ಸ್ ಹಾಲ್‌ನಲ್ಲಿ ಗ್ರ್ಯಾಂಡ್ ವ್ಯಾಲಿ 300 ಕಿಲೋಮೀಟರ್‌ನಿಂದ ಸುಝುಕಾ 1000 ಕಿಲೋಮೀಟರ್‌ವರೆಗೆ, ತ್ಸುಕುಬಾದ 9 ಗಂಟೆಗಳಿಂದ ನ್ಯೂರ್ಬರ್ಗ್‌ರಿಂಗ್ ಮತ್ತು ಲೆ ಮಾನ್ಸ್‌ನ ಸಾರ್ಥ್ ಟ್ರ್ಯಾಕಿನ 24 ಗಂಟೆಗಳವರೆಗೆ ಓಟಗಳಿವೆ. ಈ ಗಂಟೆಗಳು ನಿಜವಾದ ಗಂಟೆಗಳು. ಬಿ-ಸ್ಪೆಕ್‌ನಲ್ಲಿ ಸಮಯವನ್ನು ಮೂರು ಪಟ್ಟು ವೇಗವಾಗಿ ಓಡಿಸುವ ಸೌಲಭ್ಯವಿರುವುದರಿಂದ 24 ಗಂಟೆಯ ಓಟವನ್ನು ಸುಮಾರು 8 ಗಂಟೆಗಳಲ್ಲಿ ಮುಗಿಸಬಹುದು. ಪಿಟ್‌ನಲ್ಲಿ ನಿಂತಾಗ ನೀವೂ ಬಿ-ಸ್ಪೆಕ್ ಚಾಲಕನೂ ಸ್ಥಾನ ಬದಲಿಸಿಕೊಳ್ಳಬಹುದು; ಆರಂಭದ ಒಂದು ಗಂಟೆ ನೀವೇ ಓಡಿಸಿ ಮುನ್ನಡೆ ಗಳಿಸಿ, ಬಳಿಕ ಅವನಿಗೆ ಒಪ್ಪಿಸುವುದು ಉತ್ತಮ ಹಂಚಿಕೆ. ಟಯರು ಆರ್1 ಅಥವಾ ಆರ್2ರಂಥ ಗಟ್ಟಿಯಾದದ್ದಿರಲಿ. ಮೃದು ಟಯರು ಪ್ರತಿ ಸುತ್ತಿಗೆ ಉಳಿಸುವ ಸಮಯವನ್ನು ಒಂದು ಹೆಚ್ಚುವರಿ ಪಿಟ್ ನಿಲುಗಡೆ ನುಂಗಿಬಿಡುತ್ತದೆಯೇ ಎಂದು ಮೊದಲ ಎರಡು ಸರದಿಗಳಲ್ಲಿ ಕಾಗದದ ಮೇಲೆ ಲೆಕ್ಕ ಹಾಕಿ: ಹತ್ತು ಸುತ್ತುಗಳ ಸಮಯ, ಪಿಟ್‌ಗೆ ಹೋಗಿ ಬಂದ ಸುತ್ತಿನ ಸಮಯ, ಟಯರು ಸವೆದ ಸುತ್ತಿನ ಸಂಖ್ಯೆ. ಪಿಟ್‌ಗೆ ಕರೆಯುವುದನ್ನು ಚಾಲಕನ ವಿವೇಚನೆಗೆ ಬಿಡದೆ ನಿಮ್ಮ ಕೆಲಸವೆಂದೇ ಇಟ್ಟುಕೊಳ್ಳಿ.

ಓಟದ ನಡುವೆ ಸೇವ್ ಮಾಡುವ ಅವಕಾಶವಿಲ್ಲ. ಸ್ಟಾರ್ಟ್ ಗುಂಡಿ ಒತ್ತಿ ತಾತ್ಕಾಲಿಕವಾಗಿ ನಿಲ್ಲಿಸಬಹುದು, ಯಂತ್ರ ಆರಿದರೆ ಎಲ್ಲವೂ ಹೋಯಿತು. ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಘಟ್ಟದ ಮೇಲಿನ ಊರುಗಳಲ್ಲಿ ದಿನವಿಡೀ ಕರೆಂಟು ಇರುವುದಿಲ್ಲ. ದೀರ್ಘ ಓಟಗಳನ್ನು ದೀಪಾವಳಿಯ ನಂತರದ ತಿಂಗಳುಗಳಿಗೆ ಇಟ್ಟುಕೊಳ್ಳಿ, ಮಳೆಗಾಲವನ್ನು ಲೈಸೆನ್ಸ್ ಮತ್ತು ಮಿಷನ್‌ಗಳಿಗೆ ಮೀಸಲಿಡಿ. ಅವು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತವೆ. ಮನೆಯಲ್ಲಿ ಇನ್ವರ್ಟರ್ ಇದ್ದರೂ ಅದರ ಹಿಂಬದಿಯ ಸ್ವಿಚ್ಚು ಯುಪಿಎಸ್ ಕಡೆ ಇದೆಯೇ ಎಂದು ನೋಡಿ, ಏಕೆಂದರೆ ಸಾಮಾನ್ಯ ಸ್ಥಿತಿಯಲ್ಲಿ ಬ್ಯಾಟರಿಗೆ ಬದಲಾಗುವ ಆ ಕ್ಷಣಾರ್ಧದಲ್ಲಿ ಯಂತ್ರ ರೀಸೆಟ್ ಆಗಬಹುದು. ಓಟಕ್ಕೆ ಕೂರುವ ಮೊದಲು, ಸೇವ್ ಮಾಡಿದ ಮೇಲೆ, ಮನೆಯ ಮೇನ್ ಸ್ವಿಚ್ಚನ್ನು ಒಮ್ಮೆ ಆರಿಸಿ ಪರೀಕ್ಷಿಸುವುದು ಖಚಿತವಾದ ದಾರಿ. ತೆಳುವಾದ ಮಾದರಿಯ ಪ್ಲೇಸ್ಟೇಷನ್ 2 ತಿನ್ನುವ ವಿದ್ಯುತ್ 50 ವ್ಯಾಟಿನ ಆಸುಪಾಸು ಮಾತ್ರ; ಬ್ಯಾಟರಿಯನ್ನು ಖಾಲಿ ಮಾಡುವುದು ಟಿವಿ. ಕರೆಂಟು ಹೋದಾಗ ಓಟವನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಟಿವಿಯನ್ನು ಮಾತ್ರ ಆರಿಸಿದರೆ, ಯಂತ್ರವನ್ನು ಇನ್ವರ್ಟರ್ ಗಂಟೆಗಟ್ಟಲೆ ಹೊರುತ್ತದೆ. ಇಷ್ಟು ಹೊತ್ತು ಚಾಲೂ ಇರುವ ಯಂತ್ರದ ಸುತ್ತ ಒಂದು ಗೇಣಿನಷ್ಟು ಜಾಗ ತೆರವಾಗಿರಲಿ, ಕೆಳಗೆ ಬಟ್ಟೆ ಹಾಸಬೇಡಿ, ಮತ್ತು ಓಟ ಮುಗಿದು ಬಹುಮಾನದ ಪರದೆ ದಾಟಿದ ಕೂಡಲೇ ಮೊದಲು ಸೇವ್ ಮಾಡಿ, ನಂತರ ಎರಡನೆಯ ಕಾರ್ಡಿಗೆ ನಕಲು ಮಾಡಿಕೊಳ್ಳಿ.